ಸೀಲರ್‌ಗೆ ಒಂದು, ಒಲೆಗೆ ಒಂದು: ಬಿಸಿಯಾಗುವ ತಂತಿ ಆರಿಸುವುದು ಹೇಗೆ?

ಮೇ ತಿಂಗಳ ಕೊನೆ. ಪಕ್ಕದ ಮನೆಯ ಅಕ್ಕ ಪ್ಲಾಸ್ಟಿಕ್ ತೊಟ್ಟೆ ಸೀಲ್ ಮಾಡುವ ಮೆಶಿನ್ ಎತ್ತಿಕೊಂಡು ಬಂದರು. ಹಲಸಿನ ಹಪ್ಪಳ ಒಣಗಿಸಿ ಕಟ್ಟು ಕಟ್ಟಿ ಇಟ್ಟಿದ್ದಾರೆ. ಮಳೆ ಹಿಡಿಯುವ ಮೊದಲು ಪ್ಯಾಕ್ ಆಗಬೇಕು. ಒಮ್ಮೆ ಮಳೆ ಶುರುವಾದರೆ ಉಡುಪಿಯ ಗಾಳಿಗೆ ಹಪ್ಪಳ ಮೆತ್ತಗಾಗಲು ಎಷ್ಟು ಹೊತ್ತು ಬೇಕು, ಅಲ್ವಾ?

"ಎಂತ ಮಾರಾಯ, ಇದರ ತಂತಿ ಪುನಃ ಹೋಯ್ತು. ಮೂರು ದಿನದಲ್ಲಿ ಎರಡು ಸಲ. ನೀನೊಮ್ಮೆ ನೋಡು," ಎಂದರು.

ಬಿಚ್ಚಿ ನೋಡಿದೆ. ರಿಪೇರಿ ಮಾಡಿದವರು ಹಳೆಯ ಇಸ್ತ್ರಿ ಪೆಟ್ಟಿಗೆಯ ಪಟ್ಟಿ ತಂತಿಯನ್ನು ಕತ್ತರಿಸಿ ಹಾಕಿದ್ದರು. ಅದೂ ಬಿಸಿಯಾಗುವ ತಂತಿಯೇ, ಇದೂ ಬಿಸಿಯಾಗುವ ತಂತಿಯೇ. ಆದರೆ ಇಸ್ತ್ರಿ ಪೆಟ್ಟಿಗೆಯಲ್ಲಿ ಅದು ಮೈಕಾ ಹಾಳೆಗೆ ಸುತ್ತಿಕೊಂಡು ಅಲುಗಾಡದೆ ಕೂತಿತ್ತು. ಸೀಲರ್‌ನಲ್ಲಿ ಪ್ರತಿ ಸಲ ಒತ್ತಿದಾಗಲೂ ತಂತಿ ಹಿಗ್ಗುತ್ತದೆ, ಕುಗ್ಗುತ್ತದೆ, ಸ್ಪ್ರಿಂಗ್ ಅದನ್ನು ಎಳೆಯುತ್ತದೆ. ವರ್ಷಗಟ್ಟಲೆ ಬಿಸಿ ತಿಂದ ತಂತಿಗೆ ಅಷ್ಟು ಜೀವ ಎಲ್ಲಿಂದ ಬರಬೇಕು?

ಅಂಗಡಿಯಲ್ಲಿ "ಹೀಟರ್ ತಂತಿ ಕೊಡಿ" ಎಂದರೆ ಯಾವುದೋ ಒಂದು ಸಿಗುತ್ತದೆ. ಎಲ್ಲದಕ್ಕೂ ನೈಕ್ರೋಮ್ ಎಂದೇ ಹೆಸರು. ನಿಜದಲ್ಲಿ ಅದರೊಳಗೆ ಮೂರು ನಾಲ್ಕು ಜಾತಿ ಉಂಟು. ಒಂದು ಕೆಲಸಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹಪ್ಪಳದ ಸೀಲರ್, ಚೌತಿ ಮಂಟಪದ ಥರ್ಮಾಕೋಲ್ ಕತ್ತರಿಸುವ ಬಿಲ್ಲು, ಕಾಯಿಲ್ ಒಲೆ, ಮಣ್ಣಿನ ಸಾಮಾನು ಸುಡುವ ಸಣ್ಣ ಗೂಡು: ನಮ್ಮ ಕರಾವಳಿಯ ಮನೆಗಳಲ್ಲಿ ಬರುವ ಈ ನಾಲ್ಕು ಕೆಲಸಗಳನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲೇ ಒಂದು ವಿಷಯ. ಇಂಟರ್ನೆಟ್‌ನಲ್ಲಿ ಈ ತಂತಿಗಳ ಬಗ್ಗೆ ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಬಹಳಷ್ಟು ವೇಪ್ ಮಾಡುವವರು, ಅಂದರೆ ಇ-ಸಿಗರೇಟು ಸೇದುವವರು, ಬರೆದಿಟ್ಟದ್ದು. ತಂತಿಯ ಗುಣ ಎಲ್ಲಿ ಬಳಸಿದರೂ ಒಂದೇ, ಹಾಗಾಗಿ ಆ ಲೆಕ್ಕ ನಮಗೂ ಉಪಯೋಗಕ್ಕೆ ಬರುತ್ತದೆ. ಆದರೆ 2019ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಇ-ಸಿಗರೇಟು ತಯಾರಿಸುವುದು, ಹೊರಗಿನಿಂದ ತರಿಸುವುದು, ಮಾರುವುದು, ದಾಸ್ತಾನು ಇಡುವುದು ಎಲ್ಲವೂ ಅಪರಾಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಂಗಳೂರಿನ ಕಾಲೇಜು ಹುಡುಗರು ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಕಡೆ ಹೋಗಬೇಡಿ. ಅದೇ ಕೈಚಳಕದಿಂದ ಮಾಡುವ ಒಳ್ಳೆಯ ಕೆಲಸಗಳು ಬೇಕಾದಷ್ಟಿವೆ.

ಮೊದಲ ಹೆಜ್ಜೆ: ಕೆಲಸಕ್ಕೆ ಮೂರು ಪ್ರಶ್ನೆ ಕೇಳಿ

ತಂತಿಯ ಹೆಸರು ಆಮೇಲೆ. ಮೊದಲು ಕೆಲಸ ಏನೆಂದು ನೋಡಿ.

ಎಷ್ಟು ಬಿಸಿ ಬೇಕು? ಥರ್ಮಾಕೋಲ್ ಕತ್ತರಿಸಲು ತಂತಿ 200ರಿಂದ 250 ಡಿಗ್ರಿ ಸೆಲ್ಸಿಯಸ್ ಇದ್ದರೆ ಧಾರಾಳ. ಕೆಂಪಾಗುವುದೇ ಬೇಡ. ಕಾಯಿಲ್ ಒಲೆಯಲ್ಲಿ ತಂತಿ ಕೆಂಪಗೆ ಹೊಳೆಯಬೇಕು. ಮಣ್ಣಿನ ಗೂಡಿನಲ್ಲಿ ಒಳಗಿನ ಬಿಸಿಯೇ 1000 ಡಿಗ್ರಿಯ ಹತ್ತಿರ ಬೇಕು, ತಂತಿ ಅದಕ್ಕಿಂತಲೂ ಜಾಸ್ತಿ ಬಿಸಿಯಾಗಿರುತ್ತದೆ.

ತಂತಿ ಅಲುಗಾಡುತ್ತದೆಯೇ? ಸೀಲರ್‌ನಲ್ಲಿ, ಬಿಲ್ಲಿನಲ್ಲಿ ತಂತಿ ಸದಾ ಎಳೆತದಲ್ಲಿ ಇರುತ್ತದೆ. ಒಲೆಯ ಕಾಯಿಲನ್ನು ಒಮ್ಮೆ ಕೂರಿಸಿದರೆ ಮುಗಿಯಿತು.

ಕರೆಂಟು ಎಲ್ಲಿಂದ? 12 ವೋಲ್ಟಿನ ಅಡಾಪ್ಟರೇ, ನೇರ 230 ವೋಲ್ಟೇ? ತಂತಿಯ ಉದ್ದ ಮತ್ತು ದಪ್ಪ ಇದರ ಮೇಲೆ ನಿಂತಿದೆ. ನಿಮ್ಮ ಜೀವವೂ ಇದರ ಮೇಲೆ ನಿಂತಿದೆ.

ಎರಡನೆಯ ಹೆಜ್ಜೆ: ತಂತಿಗಳ ಗುಣ ತಿಳಿದುಕೊಳ್ಳಿ

ನೈಕ್ರೋಮ್ ಎಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬ್ರೆಡ್ ಟೋಸ್ಟರಿನಿಂದ ಹಿಡಿದು ಕೂದಲು ಒಣಗಿಸುವ ಡ್ರೈಯರ್ ತನಕ ಬಂದದ್ದೆಲ್ಲ ಅದರ ನಂತರ. ನಿಕ್ಕಲ್ 80 ಭಾಗ, ಕ್ರೋಮಿಯಂ 20 ಭಾಗ ಇರುವುದು ಉತ್ತಮ ದರ್ಜೆ. ಇದು 1200 ಡಿಗ್ರಿಯವರೆಗೆ ತಡೆಯುತ್ತದೆ. ನಿಕ್ಕಲ್ 60 ಭಾಗ ಇದ್ದು ಕಬ್ಬಿಣವೂ ಸೇರಿದ ಅಗ್ಗದ ಜಾತಿ ಇನ್ನೊಂದಿದೆ. ಅದರ ತಾಳಿಕೆ ಸ್ವಲ್ಪ ಕಡಿಮೆ.

ನೈಕ್ರೋಮಿನ ದೊಡ್ಡ ಗುಣ ಅಂದರೆ ಕೆಂಪಗೆ ಕಾದು ತಣ್ಣಗಾದ ಮೇಲೂ ಅದು ಬಾಗುತ್ತದೆ. ಬಿಚ್ಚಿ ಪುನಃ ಸುತ್ತಬಹುದು. ಸಲೀಸಾಗಿ ತುಂಡಾಗುವುದಿಲ್ಲ. ಎಳೆತ ಇರುವಲ್ಲಿ, ದಿನಕ್ಕೆ ನೂರಾರು ಸಲ ಬಿಸಿ ತಣ್ಣಗೆ ಆಗುವಲ್ಲಿ ನಾನು ಕಣ್ಣು ಮುಚ್ಚಿ ನೈಕ್ರೋಮ್ 80 ಹಾಕುತ್ತೇನೆ.

ಕಾಂತಲ್ ಎಂಬುದು ಒಂದು ಸ್ವೀಡಿಶ್ ಕಂಪನಿಯ ಬ್ರಾಂಡ್ ಹೆಸರು. ಹಾನ್ಸ್ ಫಾನ್ ಕಾಂಟ್ಸೋ ಎಂಬವರು ಇದನ್ನು ಕಂಡುಹಿಡಿದರು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ತಂತಿ ಇದು. ನಿಕ್ಕಲ್ ಇಲ್ಲ. ಈಗ ಬೇರೆ ಕಂಪನಿಗಳೂ ಇದೇ ಜಾತಿಯ ತಂತಿ ಮಾಡುತ್ತವೆ, ಜನ ಎಲ್ಲವನ್ನೂ ಕಾಂತಲ್ ಎಂದೇ ಕರೆಯುತ್ತಾರೆ. ಇದರಲ್ಲಿ ಎ-1 ಎಂಬ ದರ್ಜೆ 1400 ಡಿಗ್ರಿ ತಡೆಯುತ್ತದೆ, ಡಿ ಎಂಬುದು 1300. ಬಿಸಿಯಾದಾಗ ಇದರ ಮೈಮೇಲೆ ಅಲ್ಯೂಮಿನಾದ ತೆಳು ಪದರ ಕೂರುತ್ತದೆ. ಒಳಗಿನ ತಂತಿಯನ್ನು ಕಾಯುವುದು ಆ ಪದರವೇ.

ಕಾಂತಲ್‌ಗೆ ಒಂದು ದೋಷ. ಒಮ್ಮೆ ಜೋರಾಗಿ ಕಾದು ತಣ್ಣಗಾದರೆ ಅದು ಒಣಗಿದ ಕಡ್ಡಿಯ ಹಾಗೆ ಆಗುತ್ತದೆ. ಬಾಗಿಸಲು ಹೋದರೆ ಟಪ್ ಎಂದು ಮುರಿಯುತ್ತದೆ. ಇದನ್ನು ನಾನು ಕೈಯಾರೆ ಕಲಿತೆ. ಒಂದು ಚೌತಿಗೆ ಥರ್ಮಾಕೋಲ್ ಕತ್ತರಿಸಲು ಹಳೆಯ ಒಲೆಯ ಕಾಯಿಲ್ ಬಿಚ್ಚಿ ನೇರ ಮಾಡಲು ಕೂತೆ. ಎರಡು ಇಂಚು ಬಿಡಿಸುವಷ್ಟರಲ್ಲಿ ತುಂಡು. ಇನ್ನೊಂದು ಕಡೆ ಹಿಡಿದೆ, ಅಲ್ಲೂ ತುಂಡು. ಅಯಸ್ಕಾಂತ ಹಿಡಿದು ನೋಡಿದರೆ ತಂತಿ ಅಂಟಿತು. ನೈಕ್ರೋಮ್ ಅಂಟುವುದಿಲ್ಲ. ಆ ರಾತ್ರಿ ಮಂಟಪದ ಕೆಲಸ ನಿಂತು, ಹುಡುಗರು ಬ್ಲೇಡಿನಲ್ಲಿ ಕತ್ತರಿಸುತ್ತ ಕೂತರು.

ಹಾಗೆಂದು ಕಾಂತಲ್ ಕೆಟ್ಟದ್ದಲ್ಲ. ಹೊಸ ತಂತಿ ಚೆನ್ನಾಗಿ ಬಾಗುತ್ತದೆ, ಬೇಕಾದ ಆಕಾರಕ್ಕೆ ಮೊದಲೇ ಸುತ್ತಿಕೊಳ್ಳಬೇಕು ಅಷ್ಟೇ. ಅಲುಗಾಡದ ಜಾಗ, ಜೋರು ಬಿಸಿ ಎಂದರೆ ಇಲ್ಲಿ ಹೇಳುವ ತಂತಿಗಳಲ್ಲಿ ಅದನ್ನು ಮೀರಿಸುವುದು ಇಲ್ಲ.

ಮೂರನೆಯದು ಸ್ಟೇನ್‌ಲೆಸ್ ಸ್ಟೀಲ್, 304 ಅಥವಾ 316. ಇದು ಬಿಸಿ ಮಾಡಲೆಂದೇ ಹುಟ್ಟಿದ ತಂತಿ ಅಲ್ಲ. ಆದರೆ ಗಟ್ಟಿ, ತುಕ್ಕಿಗೆ ಹೆದರುವುದಿಲ್ಲ, ಕಡಿಮೆ ಬಿಸಿಯ ಕೆಲಸಕ್ಕೆ ಚೆನ್ನಾಗಿ ಬರುತ್ತದೆ. ಮಲ್ಪೆಯಂಥ ಮೀನುಗಾರಿಕೆಯ ಊರಿನಲ್ಲಿ ಗಾಳದ ಸ್ಟೀಲ್ ತಂತಿ ಹುಡುಕಿದರೆ ಸಿಕ್ಕೀತು. ಒಂದೇ ಎಳೆಯದ್ದು ನೋಡಿ ತನ್ನಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ಮಾತ್ರ ತರಬೇಡಿ, ಬಿಸಿಗೆ ಅದು ಸುಟ್ಟು ಹೊಗೆಯಾಗುತ್ತದೆ.

ವೇಪ್ ಪಟ್ಟಿಗಳಲ್ಲಿ ಶುದ್ಧ ನಿಕ್ಕಲ್, ಟೈಟಾನಿಯಂ ಎಂದೂ ಇರುತ್ತದೆ. ಬಿಸಿ ಏರಿದ ಹಾಗೆ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಎಷ್ಟು ಬದಲಾಗುತ್ತದೆ ಎಂದು ನೋಡಿ ಬಿಸಿ ಹಿಡಿತದಲ್ಲಿಡುವ ಸಾಧನಗಳಿಗೆ ಅವು. ನಮ್ಮ ನಾಲ್ಕು ಕೆಲಸಕ್ಕೆ ಬೇಡ.

ಮೂರನೆಯ ಹೆಜ್ಜೆ: ಗೇಜಿನ ಮೋಸಕ್ಕೆ ಬೀಳಬೇಡಿ

ಇಲ್ಲಿ ಎಷ್ಟು ಜನ ಎಡವುತ್ತಾರೆ ಎಂದರೆ, ಇದಕ್ಕೆ ಬೇರೆಯೇ ಜಾಗ ಕೊಡಬೇಕು ಅನಿಸಿತು.

ತಂತಿಯ ದಪ್ಪವನ್ನು ಗೇಜ್ ನಂಬರಿನಲ್ಲಿ ಹೇಳುತ್ತಾರೆ. ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು. ನಮ್ಮ ಅಂಗಡಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಬ್ರಿಟಿಷರ ಕಾಲದ ಎಸ್‌ಡಬ್ಲ್ಯುಜಿ ಅಳತೆ. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಹೆಚ್ಚಾಗಿ ಇರುವುದು ಅಮೆರಿಕದ ಎಡಬ್ಲ್ಯುಜಿ. ಎರಡೂ ಕಡೆ 26 ಎಂದೇ ಬರೆದಿದ್ದರೂ ತಂತಿ ಒಂದೇ ಅಲ್ಲ.

26 ಎಸ್‌ಡಬ್ಲ್ಯುಜಿ ಎಂದರೆ 0.457 ಮಿಲಿಮೀಟರ್. 26 ಎಡಬ್ಲ್ಯುಜಿ ಎಂದರೆ 0.405. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ನೈಕ್ರೋಮ್ 80ರಲ್ಲಿ ಮೊದಲನೆಯದರ ಒಂದು ಮೀಟರಿಗೆ 6.6 ಓಮ್, ಎರಡನೆಯದಕ್ಕೆ 8.5 ಓಮ್ (ಓಮ್ ಎಂದರೆ ರೆಸಿಸ್ಟೆನ್ಸಿನ ಅಳತೆ). ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ! ಪಟ್ಟಿ ನೋಡಿ ಲೆಕ್ಕ ಹಾಕಿ, ಅಂಗಡಿಯಿಂದ ಅದೇ ನಂಬರಿನ ತಂತಿ ತಂದು, "ಲೆಕ್ಕ ಸರಿ ಉಂಟು, ಆದರೂ ಜಾಸ್ತಿ ಬಿಸಿಯಾಗ್ತದೆ" ಎಂದು ತಲೆ ಕೆರೆಯುವವರ ತೊಂದರೆ ಇದೇ. ಹಾಗಾಗಿ ಗೇಜ್ ಬಿಡಿ, ಮಿಲಿಮೀಟರಿನಲ್ಲಿ ಮಾತಾಡಿ.

ಅಳೆಯಲು ಮೈಕ್ರೋಮೀಟರ್ ಬೇಕೆಂದಿಲ್ಲ. ಪೆನ್ಸಿಲಿಗೆ ತಂತಿಯನ್ನು ಒತ್ತೊತ್ತಾಗಿ 20 ಸುತ್ತು ಸುತ್ತಿ. ಸುತ್ತಿದ ಅಗಲವನ್ನು ಸ್ಕೇಲಿನಲ್ಲಿ ಅಳೆದು 20ರಿಂದ ಭಾಗಿಸಿ. 9 ಮಿಲಿಮೀಟರ್ ಬಂದರೆ ತಂತಿ 0.45, ಅಂದರೆ 26 ಎಸ್‌ಡಬ್ಲ್ಯುಜಿ.

ಅದೇ ದಪ್ಪದ, ಅಂದರೆ 0.457 ಮಿಲಿಮೀಟರಿನ ತಂತಿ ಒಂದು ಮೀಟರಿಗೆ ಎಷ್ಟು ಓಮ್ ತೋರಿಸುತ್ತದೆ ಎಂದು ನೆನಪಿಟ್ಟುಕೊಂಡರೆ ಜಾತಿ ಹಿಡಿಯುವುದು ಸುಲಭ. ಕಾಂತಲ್ ಎ-1 ಆದರೆ 8.8. ನೈಕ್ರೋಮ್ 80 ಆದರೆ 6.6. ಸ್ಟೇನ್‌ಲೆಸ್ ಆದರೆ 4.4ರ ಆಸುಪಾಸು. ಮಾಮೂಲಿ ಕಬ್ಬಿಣದ ತಂತಿ ಆದರೆ 1 ಓಮ್ ಕೂಡ ಬರುವುದಿಲ್ಲ.

ಓಮ್ ತೋರಿಸುವ ಮಲ್ಟಿಮೀಟರಿನಲ್ಲಿ ಅಳೆಯುವಾಗ ಒಂದು ಎಚ್ಚರ. ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಸೊನ್ನೆ ಬರಬೇಕು, ಆದರೆ 0.2ರಿಂದ 0.5 ತೋರಿಸುತ್ತದೆ. ಅದು ಮೀಟರಿನ ವಯರಿನದ್ದೇ ರೆಸಿಸ್ಟೆನ್ಸ್. ಬಂದ ಲೆಕ್ಕದಿಂದ ಅದನ್ನು ಕಳೆಯಿರಿ. ಹತ್ತು ಸೆಂಟಿಮೀಟರ್ ಅಳೆದು ಹತ್ತರಿಂದ ಗುಣಿಸುವುದಕ್ಕಿಂತ, ಪೂರ್ತಿ ಒಂದು ಮೀಟರ್ ಅಳೆಯುವುದೇ ಸರಿ.

ನಾಲ್ಕನೆಯ ಹೆಜ್ಜೆ: ಕೆಲಸಕ್ಕೆ ತಕ್ಕ ಲೆಕ್ಕ

ಥರ್ಮಾಕೋಲಿನ ಬಿಲ್ಲಿನಿಂದ ಶುರು ಮಾಡೋಣ, ಯಾಕೆಂದರೆ ಇದರಲ್ಲಿ ಲೆಕ್ಕ ಚಂದವಾಗಿ ಕಾಣುತ್ತದೆ. ಚೌತಿಯ ಮಂಟಪ, ವಿಟ್ಲಪಿಂಡಿಯ ಅಲಂಕಾರ, ಮಂಗಳೂರು ದಸರಾದ ಟ್ಯಾಬ್ಲೋ, ಶಾಲೆಯ ವಾರ್ಷಿಕೋತ್ಸವ, ಎಲ್ಲ ಕಡೆ ಥರ್ಮಾಕೋಲ್ ಬೇಕು. ಬ್ಲೇಡಿನಲ್ಲಿ ಕತ್ತರಿಸಿದರೆ ಬಿಳಿ ಕಾಳುಗಳು ಉದುರಿ ಚರಂಡಿ ಸೇರುತ್ತವೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಬಿಸಿ ತಂತಿಯಲ್ಲಿ ಕತ್ತರಿಸಿದರೆ ಒಂದು ಕಾಳೂ ಉದುರುವುದಿಲ್ಲ. ನನಗೆ ಈ ಬಿಲ್ಲಿನ ಮೇಲೆ ಪ್ರೀತಿ ಬರಲು ಅದೇ ಮುಖ್ಯ ಕಾರಣ.

ನೆನಪಿಡಬೇಕಾದ ಸೂತ್ರ ಇಷ್ಟೇ: ಈ ದಪ್ಪದ ತಂತಿಗೆ ಒಂದು ಮೀಟರಿಗೆ ಸುಮಾರು 20 ವ್ಯಾಟ್ ಸಿಗಬೇಕು. ಒಂದು ಮೀಟರ್ ಬಿಲ್ಲಿಗೆ 0.457ರ ನೈಕ್ರೋಮ್ ಕಟ್ಟಿದರೆ 6.6 ಓಮ್. 12 ವೋಲ್ಟ್ ಕೊಟ್ಟರೆ 1.8 ಆಂಪ್ ಹರಿಯುತ್ತದೆ, 22 ವ್ಯಾಟ್ ಆಗುತ್ತದೆ. ಹೇಳಿ ಮಾಡಿಸಿದ ಹಾಗೆ. ವೈಫೈ ಡಬ್ಬಿಯ 1 ಆಂಪ್ ಅಡಾಪ್ಟರ್ ಇದಕ್ಕೆ ಸಾಲದು. ಎಲ್‌ಇಡಿ ಪಟ್ಟಿಗೆ ಹಾಕುವ 12 ವೋಲ್ಟ್, 3 ಅಥವಾ 5 ಆಂಪಿನದ್ದು ತನ್ನಿ.

ಈಗ ಅದೇ ತಂತಿಯನ್ನು 30 ಸೆಂಟಿಮೀಟರಿನ ಪುಟ್ಟ ಬಿಲ್ಲಿಗೆ ಕಟ್ಟಿ ಅದೇ 12 ವೋಲ್ಟ್ ಕೊಟ್ಟರೆ? ರೆಸಿಸ್ಟೆನ್ಸ್ 2 ಓಮಿಗೆ ಇಳಿಯುತ್ತದೆ. 6 ಆಂಪ್, 72 ವ್ಯಾಟ್! ತಂತಿ ಕೆಂಪಾಗುತ್ತದೆ, ಥರ್ಮಾಕೋಲ್ ಹೊಗೆಯಾಡುತ್ತದೆ, ಅಡಾಪ್ಟರ್ ಸುಟ್ಟರೂ ಸುಟ್ಟಿತು. ಸಣ್ಣ ಬಿಲ್ಲು ಅಂದರೆ ಕಡಿಮೆ ಕರೆಂಟು ಎಂದು ಅಂದುಕೊಳ್ಳುವವರು ಇಲ್ಲೇ ತಪ್ಪುತ್ತಾರೆ. ಉದ್ದ ಅರ್ಧ ಮಾಡಿದರೆ ವೋಲ್ಟೂ ಅರ್ಧ ಆಗಬೇಕು. ಅರ್ಧ ಮೀಟರಿಗೆ 6 ವೋಲ್ಟ್, 30 ಸೆಂಟಿಮೀಟರಿಗೆ ಸುಮಾರು ಮೂರೂವರೆ ವೋಲ್ಟ್. ವೋಲ್ಟ್ ಇಳಿಸುವ ಸಣ್ಣ ಬೋರ್ಡು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ನಿಮಗೆ ಬೇಕಾದ ಆಂಪ್ ತಡೆಯುವಂಥದ್ದು ಕೇಳಿ ತೆಗೆದುಕೊಳ್ಳಿ.

ಸ್ಟೇನ್‌ಲೆಸ್ ತಂತಿ ಆದರೆ ಒಂದು ಮೀಟರಿಗೆ 9 ವೋಲ್ಟ್ ಸಾಕು, ಕರೆಂಟ್ ಮಾತ್ರ 2 ಆಂಪ್ ದಾಟುತ್ತದೆ. ಹೊಸ ಕಾಂತಲ್ ಆದರೆ 12 ವೋಲ್ಟಿಗೆ 16 ವ್ಯಾಟ್ ಬರುತ್ತದೆ. ಕತ್ತರಿಸುತ್ತದೆ, ಸ್ವಲ್ಪ ನಿಧಾನ. ಮೂರರಲ್ಲಿ ಯಾವುದಾದರೂ ಆಗುತ್ತದೆ, ನನ್ನ ಆಯ್ಕೆ ನೈಕ್ರೋಮ್.

ತಂತಿ ಬಿಸಿಯಾದಾಗ ಉದ್ದವಾಗಿ ಜೋಲು ಬೀಳುತ್ತದೆ. ಬಿಲ್ಲಿನ ಒಂದು ತುದಿಗೆ ಸ್ಪ್ರಿಂಗ್ ಹಾಕಿ. ತುದಿಗಳನ್ನು ಬೆಸುಗೆ ಹಾಕಬೇಡಿ. ನೈಕ್ರೋಮಿಗೆ ಸೀಸದ ಬೆಸುಗೆ ಸರಿಯಾಗಿ ಹಿಡಿಯುವುದೇ ಇಲ್ಲ, ಹಿಡಿದರೂ ಬಿಸಿಗೆ ಕರಗಿ ಬಿಡುತ್ತದೆ. ಹಿತ್ತಾಳೆ ಸ್ಕ್ರೂ ಅಥವಾ ಪಿಂಗಾಣಿ ಕನೆಕ್ಟರ್ ಸಾಕು. ಕನೆಕ್ಟರ್ ಒಳಗೆ ಹೋಗುವ ತುದಿಯನ್ನು ಎರಡು ಎಳೆ ಮಾಡಿ ಹೊಸೆದರೆ ಆ ಜಾಗ ತಣ್ಣಗೆ ಇರುತ್ತದೆ.

ಕತ್ತರಿಸುವಾಗ ತಂತಿಯನ್ನು ದೂಡಬಾರದು, ಅದರಷ್ಟಕ್ಕೆ ಇಳಿಯಲು ಬಿಡಬೇಕು. ಹೊಗೆ ಕಂಡರೆ ಬಿಸಿ ಜಾಸ್ತಿ ಎಂದು ಅರ್ಥ, ವೋಲ್ಟ್ ಇಳಿಸಿ. ಆ ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ, ಉಸಿರಿಗೆ ಒಳ್ಳೆಯದಲ್ಲ. ಜಗಲಿಯಲ್ಲೋ ಅಂಗಳದಲ್ಲೋ ಕೂತು ಮಾಡಿ. ಸನ್‌ಬೋರ್ಡ್ ಎಂದು ಸಿಗುವ ಪಿವಿಸಿ ಫೋಮ್ ಹಲಗೆಯನ್ನು ಬಿಸಿ ತಂತಿಗೆ ಕೊಡಲೇಬೇಡಿ. ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು ಗಂಟಲು ಉರಿದು ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಕೈ ಮುಗಿದು ಹೇಳುತ್ತೇನೆ. ಕೆಲವರು ಈ ಬಿಲ್ಲನ್ನು ಫ್ಯಾನಿನ ರೆಗ್ಯುಲೇಟರ್ ಮೂಲಕ, ಇಲ್ಲವೇ ಒಂದು ಬಲ್ಬ್ ಸೇರಿಸಿ ನೇರ 230 ವೋಲ್ಟಿಗೆ ಹಾಕುತ್ತಾರೆ. ಕತ್ತರಿಸುವುದೇನೋ ಕತ್ತರಿಸುತ್ತದೆ. ಆದರೆ ಬರಿ ತಂತಿ ಅದು, ಕೈಯಲ್ಲಿ ಹಿಡಿದಿರುವುದು. ಚೌತಿ ಬರುವುದು ಮಳೆಗಾಲದಲ್ಲಿ, ನೆಲ ಒದ್ದೆ, ಸುತ್ತ ಮಕ್ಕಳು. ದಯವಿಟ್ಟು ಬೇಡ.

ಈಗ ಅಕ್ಕನ ಸೀಲರ್. ಇದರಲ್ಲಿ ಲೆಕ್ಕ ಹಾಕುವ ತೊಂದರೆ ಇಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದು, ಅದಕ್ಕೆ ಒಪ್ಪುವ ಪಟ್ಟಿ ತಂತಿಯೇ ಬೇಕು. ಎಂಟು ಇಂಚಿನ ಮೆಶಿನಿಗೆ ಮಾಮೂಲಿಯಾಗಿ 2 ಮಿಲಿಮೀಟರ್ ಅಗಲದ ನೈಕ್ರೋಮ್ ಪಟ್ಟಿ. ನಿಮ್ಮದರಲ್ಲಿ ಇರುವ ಮೂಲ ಪಟ್ಟಿಯ ಅಗಲ, ಉದ್ದ ಅಳೆದು, ಸಾಧ್ಯವಾದರೆ ಮುರಿದ ತುಂಡನ್ನೇ ಅಂಗಡಿಗೆ ಒಯ್ಯಿರಿ. ದುಂಡು ತಂತಿ ಹಾಕಿದರೆ ಅದು ತೊಟ್ಟೆಯನ್ನು ಅಂಟಿಸುವುದಿಲ್ಲ, ಕತ್ತರಿಸುತ್ತದೆ. ಅಗಲ ಜಾಸ್ತಿ ಇರುವ ಪಟ್ಟಿ ಹಾಕಿದರೆ ರೆಸಿಸ್ಟೆನ್ಸ್ ಇಳಿದು ಟ್ರಾನ್ಸ್‌ಫಾರ್ಮರ್ ವಿಪರೀತ ಬಿಸಿಯಾಗುತ್ತದೆ.

ಹಾಕುವ ಕ್ರಮ ಹೀಗೆ. ಪ್ಲಗ್ ತೆಗೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಮೇಲಿನ ಕಂದು ಬಣ್ಣದ ಟೆಫ್ಲಾನ್ ಬಟ್ಟೆ ಸರಿಸಿ. ಎರಡು ತುದಿಯ ಸ್ಕ್ರೂ ಸಡಿಲ ಮಾಡಿ ಹಳೆ ಪಟ್ಟಿ ತೆಗೆಯಿರಿ. ಅಡಿಯಲ್ಲಿ ಕರಿ ಕಟ್ಟಿದ್ದರೆ ಒರೆಸಿ, ಅಡಿಯ ಪಟ್ಟಿ ಸುಟ್ಟು ತೂತಾಗಿದ್ದರೆ ಅದನ್ನೂ ಬದಲಿಸಿ. ಹೊಸ ಪಟ್ಟಿಯ ಒಂದು ತುದಿ ಸ್ಕ್ರೂ ಮಾಡಿ, ಇನ್ನೊಂದು ಕಡೆಯ ಸ್ಪ್ರಿಂಗನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು ಬಿಗಿ ಮಾಡಿ. ಬಿಟ್ಟಾಗ ಸ್ಪ್ರಿಂಗ್ ಪಟ್ಟಿಯನ್ನು ಎಳೆದು ಹಿಡಿಯಬೇಕು. ಎಳೆತ ಇಲ್ಲದಿದ್ದರೆ ಪಟ್ಟಿ ಉಬ್ಬಿ, ಉಬ್ಬಿದ ಕಡೆ ಸುಟ್ಟು ತುಂಡಾಗುತ್ತದೆ.

ಅಕ್ಕನ ಮೆಶಿನಿನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಬಿಸಿಯ ತಿರುಗುಗುಂಡಿ ಕೊನೆಯ ತನಕ ತಿರುಗಿತ್ತು. "ಬೇಗ ಆಗ್ಲಿ ಅಂತ," ಎಂದರು. ತೆಳು ತೊಟ್ಟೆಗೆ ಅಷ್ಟು ಬೇಡ. ಕಡಿಮೆಯಿಂದ ಶುರು ಮಾಡಿ, ಸೀಲ್ ಗಟ್ಟಿಯಾಗಿ ಹಿಡಿಯುವ ತನಕ ಒಂದೊಂದೇ ಗೆರೆ ಏರಿಸಬೇಕು. ದೀಪ ಆರಿದ ಮೇಲೂ ಎರಡು ಸೆಕೆಂಡ್ ಒತ್ತಿ ಹಿಡಿದರೆ ಪ್ಲಾಸ್ಟಿಕ್ ಗಟ್ಟಿಯಾಗಿ ಕೂರುತ್ತದೆ. ಹೊಸ ನೈಕ್ರೋಮ್ ಪಟ್ಟಿ ಹಾಕಿ, ಗುಂಡಿ ಅರ್ಧಕ್ಕೆ ಇಳಿಸಿದ ಮೇಲೆ ಆ ಸಲದ ಹಪ್ಪಳ, ಬಾಳೆಕಾಯಿ ಚಿಪ್ಸ್ ಎರಡೂ ಅದರಲ್ಲೇ ಪ್ಯಾಕ್ ಆದವು.

ಕಾಯಿಲ್ ಒಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದು 230 ವೋಲ್ಟಿನ ಬರಿ ತಂತಿ, ಅನುಭವ ಇಲ್ಲದವರು ಎಲೆಕ್ಟ್ರಿಷಿಯನ್‌ಗೆ ಕೊಡುವುದೇ ಸರಿ. ಆದರೆ ಏನು ಹಾಕುತ್ತಾರೆ ಎಂದು ತಿಳಿದಿರಲಿ. 1000 ವ್ಯಾಟಿನ ಕಾಯಿಲ್ 53 ಓಮ್ ಇರಬೇಕು, 2000 ವ್ಯಾಟಿನದ್ದು 26. ತುಂಡಾದ ಕಾಯಿಲನ್ನು ಎಳೆದು ಗಂಟು ಹಾಕಿದರೆ ಉದ್ದ ಕಡಿಮೆಯಾಗಿ ಕರೆಂಟ್ ಏರುತ್ತದೆ, ಗಂಟಿನ ಜಾಗವೂ ಕಾದು ಪುನಃ ತುಂಡಾಗುತ್ತದೆ. ವೋಲ್ಟೇಜ್ 230ರ ಬದಲು 250 ಬಂದರೆ 1000 ವ್ಯಾಟಿನ ಒಲೆ 1180 ವ್ಯಾಟ್ ಎಳೆಯುತ್ತದೆ. ಹೆಸರಿಗೆ ಸಣ್ಣ ಏರಿಕೆ, ತಂತಿಗೆ ದೊಡ್ಡ ಹೊರೆ. ಉಪ್ಪು ಹಾಕಿದ ಗಂಜಿ ಉಕ್ಕಿ ಕಾದ ಕಾಯಿಲ್ ಮೇಲೆ ಚೆಲ್ಲುವುದಂತೂ ಎರಡೂ ಜಾತಿಯ ತಂತಿಗೆ ಕೆಡುಕು, ಉಪ್ಪು ಆ ಕಾಯುವ ಪದರವನ್ನೇ ತಿನ್ನುತ್ತದೆ. ನೈಕ್ರೋಮ್ ಹಾಕಿಸಿ, ಒಲೆಗೆ ಅರ್ಥಿಂಗ್ ಇದೆಯೇ ಎಂದು ನೋಡಿ, ಪಾತ್ರೆ ಕದಲಿಸುವ ಮೊದಲು ಸ್ವಿಚ್ ಆರಿಸಿ.

ಕೊನೆಗೆ ಮಣ್ಣಿನ ಗೂಡು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಇಲ್ಲಿನ ಜೇಡಿಮಣ್ಣಿನಿಂದ ಹಂಚು ಮಾಡಿ ಮಂಗಳೂರಿನ ಹೆಸರನ್ನು ದೂರದೂರಕ್ಕೆ ಒಯ್ದ ಊರು ನಮ್ಮದು. ಈಗ ಅದೇ ಮಣ್ಣಿನಲ್ಲಿ ಕಿವಿಯೋಲೆ, ಹಣತೆ ಮಾಡುವ ಹೆಣ್ಣುಮಕ್ಕಳು ಇದ್ದಾರೆ. ಅವರಿಗೆ ಮೇಜಿನ ಮೇಲೆ ಇಡುವ ಕರೆಂಟಿನ ಗೂಡು ಬೇಕಾದರೆ ಕಾಂತಲ್ ಎ-1 ಬಿಟ್ಟು ಬೇರೆ ಯೋಚಿಸಬೇಡಿ. ಒಳಗೆ 950 ಡಿಗ್ರಿ ಬೇಕೆಂದರೆ ತಂತಿ ಅದಕ್ಕಿಂತ ನೂರು ಡಿಗ್ರಿಯಾದರೂ ಮೇಲಿರುತ್ತದೆ. ತೆಳು ನೈಕ್ರೋಮ್ ಅಷ್ಟು ಬಿಸಿಯಲ್ಲಿ ಬೇಗ ಸವೆಯುತ್ತದೆ.

ಒಂದು ಉದಾಹರಣೆ: 230 ವೋಲ್ಟಿನಲ್ಲಿ 1500 ವ್ಯಾಟ್ ಬೇಕಾದರೆ 35 ಓಮ್. 1 ಮಿಲಿಮೀಟರ್ ದಪ್ಪದ ಕಾಂತಲ್ ಎ-1 ಮೀಟರಿಗೆ 1.85 ಓಮ್, ಹಾಗಾಗಿ 19 ಮೀಟರ್ ಬೇಕು. ಅದೇ ದಪ್ಪದ ನೈಕ್ರೋಮ್ ಆದರೆ 25 ಮೀಟರ್ ಬೇಕಾಗುತ್ತಿತ್ತು. ಇನ್ನೂ ದಪ್ಪ ತಂತಿ, ಇನ್ನೂ ಉದ್ದ ಹಾಕಿದರೆ ಗೂಡು ಜಾಸ್ತಿ ಕಾಲ ಬಾಳುತ್ತದೆ. ಕಡಿಮೆ ಜಾಗಕ್ಕೆ ಜಾಸ್ತಿ ವ್ಯಾಟ್ ತುಂಬುವ ಆಸೆ ಮಾತ್ರ ಬೇಡ.

ಕಾಂತಲನ್ನು ಹೊಸತಿರುವಾಗಲೇ ಸುತ್ತಿ, ಸಮನಾಗಿ ಎಳೆದು, ಇಟ್ಟಿಗೆಯ ಕಾಲುವೆಯಲ್ಲಿ ಕೂರಿಸಿ. ಸುತ್ತುಗಳು ಒಂದಕ್ಕೊಂದು ತಾಗಬಾರದು. ಮೊದಲ ಸಲ ಗೂಡನ್ನು ಖಾಲಿ ಬಿಟ್ಟು, 1050 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಅಲ್ಯೂಮಿನಾ ಪದರ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಕಾಯಿಲನ್ನು ತಣ್ಣಗಿರುವಾಗ ಮುಟ್ಟಿ ಬಾಗಿಸಲು ಹೋಗಬೇಡಿ. ಇದರ ವಯರಿಂಗ್ ಮತ್ತು ಬಿಸಿ ಹಿಡಿತದಲ್ಲಿಡುವ ಕಂಟ್ರೋಲರ್ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು.

ಐದನೆಯ ಹೆಜ್ಜೆ: ಅಂಗಡಿಯಲ್ಲಿ

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ, ಕೈಯಲ್ಲಿ ಒಂದು ಮಲ್ಟಿಮೀಟರ್. ಅಂಗಡಿಯವರಿಗೆ ಬೇಸರ ಆಗದ ಹಾಗೆ, "ಅಣ್ಣ, ಒಮ್ಮೆ ನೋಡ್ತೇನೆ ಆಯ್ತಾ?" ಎಂದು ಕೇಳಿ. ಹೆಚ್ಚಿನವರು ನಗುತ್ತಾ ಕೊಡುತ್ತಾರೆ.

ಅಯಸ್ಕಾಂತಕ್ಕೆ ಅಂಟದಿದ್ದರೆ ನೈಕ್ರೋಮ್ ಇರಬಹುದು. ಗಟ್ಟಿಯಾಗಿ ಅಂಟಿದರೆ ಕಾಂತಲ್ ಇರಬಹುದು, ಮಾಮೂಲಿ ಕಟ್ಟುವ ತಂತಿಯೂ ಇರಬಹುದು. ಸ್ಟೇನ್‌ಲೆಸ್ ಕೆಲವೊಮ್ಮೆ ಅಂಟುವುದಿಲ್ಲ, ಕೆಲವೊಮ್ಮೆ ಹಗುರಾಗಿ ಎಳೆಯುತ್ತದೆ. ಆದ್ದರಿಂದ ಅಯಸ್ಕಾಂತ ಒಂದನ್ನೇ ನಂಬಬಾರದು. ಒಂದು ಮೀಟರ್ ಅಳೆದು ಓಮ್ ನೋಡಿ, ಮೇಲೆ ಹೇಳಿದ ಲೆಕ್ಕಕ್ಕೆ ಹೋಲಿಸಿ. ಎರಡೂ ಪರೀಕ್ಷೆ ಒಂದೇ ಜಾತಿಯನ್ನು ತೋರಿಸಿದರೆ ಮಾತ್ರ ತೆಗೆದುಕೊಳ್ಳಿ. ಸುಮ್ನೆ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಸುರುಳಿ ತರಬೇಡಿ.

ಬೇಕಾದದ್ದಕ್ಕಿಂತ ಒಂದು ಮೀಟರ್ ಜಾಸ್ತಿ ತನ್ನಿ. ಉಳಿದ ತಂತಿಯನ್ನು ಸುರುಳಿ ಮಾಡಿ, ಗಾಳಿ ಹೋಗದ ತೊಟ್ಟೆಯಲ್ಲಿ ಹಾಕಿ, ಒಂದು ಚೀಟಿಯಲ್ಲಿ ತಂತಿಯ ಜಾತಿ, ಮಿಲಿಮೀಟರ್, ಮೀಟರಿಗೆ ಎಷ್ಟು ಓಮ್ ಎಂದು ಬರೆದು ಒಳಗಿಡಿ. ನಮ್ಮ ಮನೆಯಲ್ಲಿ ಅಂಥ ಐದು ತೊಟ್ಟೆಗಳಿವೆ. ಎಲ್ಲವನ್ನೂ ಸೀಲ್ ಮಾಡಿಕೊಟ್ಟದ್ದು ಅಕ್ಕನ ಅದೇ ಮೆಶಿನ್.